ಕಂಪ್ಯೂಟರ್ ಕೀಲಿಮಣೆ: ರಚನೆ ಮತ್ತು ವಿಕಾಸ

ಅಕ್ಷರ, ಅಂಕಿ, ಚಿಹ್ನೆ ಮತ್ತು ಆದೇಶಗಳನ್ನು ಬೆರಳೊತ್ತಿನಿಂದ ಕಂಪ್ಯೂಟರಿಗೆ ಮುಟ್ಟಿಸುವ ಸಾಧನಕ್ಕೆ ಕೀಲಿಮಣೆ ಅಥವಾ ಕೀಬೋರ್ಡ್ ಎಂದು ಹೆಸರು. ಮೌಸ್, ಸ್ಪರ್ಶಪರದೆ, ಮಾತನ್ನು ಬರಹವಾಗಿಸುವ ತಂತ್ರಾಂಶ ಇವೆಲ್ಲ ಬಂದ ಮೇಲೂ ದೀರ್ಘ ಬರವಣಿಗೆಗೆ, ಲೆಕ್ಕಪತ್ರಕ್ಕೆ, ಪ್ರೋಗ್ರಾಮಿಂಗಿಗೆ ಜನ ನೆಚ್ಚಿಕೊಂಡಿರುವುದು ಇದನ್ನೇ. ಇದರ ನೇರ ಪೂರ್ವಜ ಹತ್ತೊಂಬತ್ತನೆಯ ಶತಮಾನದ ಬೆರಳಚ್ಚು ಯಂತ್ರ, ಅಂದರೆ ಟೈಪ್‌ರೈಟರ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೀಲಿಗಳ ಸಾಲು, ಅಕ್ಷರಗಳ ಕ್ರಮ, ಶಿಫ್ಟ್, ಉದ್ದನೆಯ ಸ್ಪೇಸ್ ಪಟ್ಟಿ ಎಲ್ಲವೂ ಹೆಚ್ಚುಕಡಿಮೆ ಒಂದೇ.

ಹೊರನೋಟ ಒಂದೇ ಆದರೂ ಒಳಗಿನ ತತ್ತ್ವ ಪೂರ್ತಿ ಬೇರೆ. ಟೈಪ್‌ರೈಟರಿನಲ್ಲಿ ಕೀಲಿಗೂ ಅಕ್ಷರಕ್ಕೂ ಲೋಹದ ನಂಟಿತ್ತು. ಕೀಲಿ ಒತ್ತಿದರೆ ಅದಕ್ಕೆ ಜೋಡಿಸಿದ ಅಚ್ಚು ಹೋಗಿ ಕಾಗದಕ್ಕೆ ಬಡಿಯುತ್ತಿತ್ತು. ಕಂಪ್ಯೂಟರ್ ಕೀಲಿಮಣೆಯ ಕೀಲಿ ತಾನು ಯಾವ ಜಾಗದಲ್ಲಿದ್ದೇನೆ ಎಂದಷ್ಟೇ ಹೇಳುತ್ತದೆ. ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ತಂತ್ರಾಂಶ. ಸುಮಾರು ನೂರು ವರ್ಷಗಳಲ್ಲಿ ಈ ನಂಟು ಹಂತಹಂತವಾಗಿ ಕಳಚಿಕೊಂಡದ್ದೇ ಕೀಲಿಮಣೆಯ ಇತಿಹಾಸದ ಮುಖ್ಯ ಎಳೆ. ಇಂಗ್ಲಿಷಿಗಾಗಿ ಹುಟ್ಟಿದ ಸಾಧನದಲ್ಲಿ ಇಂದು ಕನ್ನಡವನ್ನು ಅಷ್ಟೇ ಸಲೀಸಾಗಿ ಬರೆಯಲು ಆಗುತ್ತಿರುವುದೂ ಅದರಿಂದಲೇ.

ಕೀಲಿಗಳ ಗುಂಪುಗಳು

ಮೇಜಿನ ಕಂಪ್ಯೂಟರಿನೊಂದಿಗೆ ಬರುವ ಸಾಮಾನ್ಯ ಕೀಲಿಮಣೆಯಲ್ಲಿ 104 ಕೀಲಿಗಳಿರುತ್ತವೆ. ನಡುವಿನ ದೊಡ್ಡ ಗುಂಪಿನಲ್ಲಿ 61: ಅಕ್ಷರಗಳು, ಅಂಕಿಗಳು, ವಿರಾಮ ಚಿಹ್ನೆಗಳು, ಟ್ಯಾಬ್, ಎಂಟರ್, ಬ್ಯಾಕ್‌ಸ್ಪೇಸ್, ಕ್ಯಾಪ್ಸ್ ಲಾಕ್, ಶಿಫ್ಟ್ ಮುಂತಾದವು. ಮೇಲಿನ ಸಾಲಿನಲ್ಲಿ ಎಸ್ಕೇಪ್ ಮತ್ತು ಎಫ್1ರಿಂದ ಎಫ್12ರವರೆಗಿನ ಕಾರ್ಯಕೀಲಿಗಳು ಸೇರಿ 13, ಅದರ ಪಕ್ಕದಲ್ಲಿ ಪ್ರಿಂಟ್ ಸ್ಕ್ರೀನ್ ಮೊದಲಾದ 3. ಬಲಗಡೆ ನಾಲ್ಕು ಬಾಣಗಳು ಮತ್ತು ಹೋಮ್, ಎಂಡ್, ಪೇಜ್ ಅಪ್ ಥರದ ಆರು ಸೇರಿ 10. ಕೊನೆಯಲ್ಲಿ ಲೆಕ್ಕದ ಯಂತ್ರದ ಮಾದರಿಯ 17 ಕೀಲಿಗಳ ಅಂಕಿಫಲಕ.

ಕೆಲಸದ ದೃಷ್ಟಿಯಿಂದ ಇವುಗಳಲ್ಲಿ ಎರಡು ಜಾತಿ. ಒಂದು ಜಾತಿಯವು ಒತ್ತಿದೊಡನೆ ತಾವೇ ಏನಾದರೂ ಮಾಡುತ್ತವೆ. ಶಿಫ್ಟ್, ಕಂಟ್ರೋಲ್, ಆಲ್ಟ್, ವಿಂಡೋಸ್ ಕೀಲಿಗಳು ಮತ್ತೊಂದು ಜಾತಿ. ಒಂಟಿಯಾಗಿ ಒತ್ತಿದರೆ ಇವು ಅಕ್ಷರ ಮೂಡಿಸುವುದಿಲ್ಲ; ಜೊತೆಯಲ್ಲಿ ಒತ್ತಿದ ಕೀಲಿಯ ಅರ್ಥವನ್ನು ಬದಲಿಸುತ್ತವೆ. ಹೀಗಾಗಿ ನೂರು ಚಿಲ್ಲರೆ ಕೀಲಿಗಳಿಂದ ನೂರಾರು ಆದೇಶಗಳನ್ನು ಕೊಡಬಹುದು.

ನಡುಸಾಲಿನ ಎಫ್ ಮತ್ತು ಜೆ ಕೀಲಿಗಳ ಮೇಲೆ ಬೆರಳಿಗೆ ತಾಕುವ ಸಣ್ಣ ಗೀರೊಂದಿರುತ್ತದೆ. ಎರಡು ತೋರುಬೆರಳುಗಳನ್ನು ಇಲ್ಲಿಟ್ಟರೆ ಉಳಿದ ಬೆರಳುಗಳು ತಾವಾಗಿಯೇ ಜಾಗಕ್ಕೆ ಬರುತ್ತವೆ. ಅಕ್ಕಪಕ್ಕದ ಎರಡು ಕೀಲಿಗಳ ನಡುಬಿಂದುಗಳಿಗೆ ಸುಮಾರು 19 ಮಿಲಿಮೀಟರ್ ಅಂತರ. ಒಂದೊಂದು ಸಾಲೂ ಮೇಲಿನ ಸಾಲಿಗಿಂತ ತುಸು ಬಲಕ್ಕೆ ಸರಿದಿರುವುದು ಟೈಪ್‌ರೈಟರಿನ ಬಳುವಳಿ. ಪ್ರತಿ ಕೀಲಿಯ ಕೆಳಗಿನ ಲೋಹದ ಕಡ್ಡಿಗೆ ಹಾದುಹೋಗಲು ದಾರಿ ಬೇಕಿತ್ತು, ಅದಕ್ಕಾಗಿ ಸಾಲುಗಳನ್ನು ಓರೆಯಾಗಿ ಜೋಡಿಸಿದರು. ಕಡ್ಡಿಗಳು ಹೋದರೂ ಓರೆ ಉಳಿಯಿತು.

ಟೈಪ್‌ರೈಟರಿನ ಕಾಲ

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕೀ ನಗರದಲ್ಲಿ ಪತ್ರಿಕಾ ಸಂಪಾದಕರಾಗಿದ್ದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ತಮ್ಮ ಜೊತೆಗಾರರಾದ ಕಾರ್ಲೋಸ್ ಗ್ಲಿಡನ್ ಮತ್ತು ಸ್ಯಾಮ್ಯುಯೆಲ್ ಸೂಲೆ ಅವರೊಡನೆ 1868ರಲ್ಲಿ ಬರೆಯುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದರು. ಮೊದಲ ಮಾದರಿಯ ಕೀಲಿಗಳು ಪಿಯಾನೋದ ಮನೆಗಳ ಹಾಗಿದ್ದವು. ಹಣ ಹೂಡಿದ ಜೇಮ್ಸ್ ಡೆನ್ಸ್‌ಮೋರ್ ಅವರ ಒತ್ತಾಸೆಯಿಂದ ಐದಾರು ವರ್ಷ ತಿದ್ದುಪಡಿಗಳು ನಡೆದವು. 1873ರಲ್ಲಿ ಬಂದೂಕು ತಯಾರಕರಾದ ರೆಮಿಂಗ್ಟನ್ ಕಂಪನಿಯೊಂದಿಗೆ ಒಪ್ಪಂದವಾಯಿತು. 1874ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. 1 ಎಂಬ ಅಂಕಿಗೆ ಪ್ರತ್ಯೇಕ ಕೀಲಿಯೇ ಇರಲಿಲ್ಲ. ಐ ಅಕ್ಷರವನ್ನು ಅದಕ್ಕೂ ಬಳಸುತ್ತಿದ್ದರು. ಅಚ್ಚುಗಳು ಉರುಳೆಯ ಅಡಿಭಾಗಕ್ಕೆ ಬಡಿಯುತ್ತಿದ್ದುದರಿಂದ ಬರೆಯುವವರಿಗೆ ತಾವು ಬರೆದ ಸಾಲು ಆ ಕ್ಷಣದಲ್ಲಿ ಕಾಣುತ್ತಿರಲಿಲ್ಲ.

1878ರ ರೆಮಿಂಗ್ಟನ್ 2 ಯಂತ್ರದಲ್ಲಿ ಶಿಫ್ಟ್ ಕೀಲಿ ಬಂತು. ಪ್ರತಿ ಅಚ್ಚುಕಡ್ಡಿಯ ತುದಿಯಲ್ಲಿ ಚಿಕ್ಕಕ್ಷರ, ದೊಡ್ಡಕ್ಷರ ಎರಡನ್ನೂ ಕೂರಿಸಿ, ಶಿಫ್ಟ್ ಒತ್ತಿದಾಗ ಕಾಗದದ ಉರುಳೆ ಸರಿಯುವಂತೆ ಮಾಡಿದ್ದರು. ಒಂದು ಕೀಲಿಗೆ ಒಂದೇ ಅಕ್ಷರ ಎಂಬ ಕಟ್ಟು ಮೊದಲು ಸಡಿಲಗೊಂಡದ್ದು ಇಲ್ಲಿ. 1888ರಲ್ಲಿ ಸಿನ್ಸಿನಾಟಿಯಲ್ಲಿ ನಡೆದ ಸ್ಪರ್ಧೆಯಲ್ಲಿ, ಕೀಲಿಗಳನ್ನು ನೋಡದೆ ಎಲ್ಲ ಬೆರಳುಗಳಿಂದ ಒತ್ತುತ್ತಿದ್ದ ಫ್ರಾಂಕ್ ಮೆಗರಿನ್ ಗೆದ್ದ ಮೇಲೆ ಆ ಪದ್ಧತಿಗೆ ದೊಡ್ಡ ಪ್ರಚಾರ ಸಿಕ್ಕಿತು. ಕರ್ನಾಟಕದ ಊರೂರುಗಳಲ್ಲಿ ದಶಕಗಳ ಕಾಲ ನಡೆದ ಬೆರಳಚ್ಚು ಶಾಲೆಗಳು ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಕಲಿಸಿದ್ದು ಈ ಪದ್ಧತಿಯನ್ನೇ. ಭಾರತದಲ್ಲಿ ಗೋದ್ರೇಜ್ ಕಂಪನಿ 1955ರಿಂದ ಟೈಪ್‌ರೈಟರ್ ತಯಾರಿಸಿತು.

ಕ್ವರ್ಟಿ ವಿನ್ಯಾಸ

ಅಕ್ಷರಗಳ ಮೊದಲ ಸಾಲಿನ ಎಡಗಡೆಯ ಆರು ಅಕ್ಷರಗಳನ್ನು ಕೂಡಿಸಿ ಓದಿ ಈ ವಿನ್ಯಾಸವನ್ನು ಕ್ವರ್ಟಿ ಎನ್ನುತ್ತಾರೆ. ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಏಕಿಲ್ಲ ಎಂಬ ಪ್ರಶ್ನೆಗೆ ಹೆಚ್ಚಾಗಿ ಕೇಳಿಬರುವ ಉತ್ತರ ಹೀಗಿದೆ: ಒಂದರ ಹಿಂದೆ ಒಂದು ಬೇಗ ಬರುವ ಅಕ್ಷರಗಳ ಕಡ್ಡಿಗಳು ಅಕ್ಕಪಕ್ಕದಲ್ಲಿದ್ದರೆ ಪರಸ್ಪರ ಸಿಕ್ಕಿಹಾಕಿಕೊಳ್ಳುತ್ತಿದ್ದವು, ಅದಕ್ಕಾಗಿ ಅವನ್ನು ದೂರ ಇಟ್ಟರು. ಇದರಲ್ಲಿ ಸ್ವಲ್ಪ ಸತ್ಯವಿದ್ದರೂ ಪೂರ್ಣ ವಿವರಣೆಯಾಗಲಾರದು. ಇಂಗ್ಲಿಷಿನಲ್ಲಿ ಬಹಳ ಸಲ ಒಟ್ಟಿಗೆ ಬರುವ ಇ ಮತ್ತು ಆರ್ ಈ ವಿನ್ಯಾಸದಲ್ಲಿ ಪಕ್ಕಪಕ್ಕದಲ್ಲೇ ಇವೆ. ಟೆಲಿಗ್ರಾಫ್ ಸಂದೇಶಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದವರ ಅನುಕೂಲಕ್ಕೆ ತಕ್ಕಂತೆ ಕ್ರಮ ಬದಲಾಗುತ್ತ ಹೋಯಿತು ಎಂದು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಕೊಯಿಚಿ ಯಸುವೋಕ ಮತ್ತು ಮೊತೊಕೊ ಯಸುವೋಕ ವಾದಿಸಿದ್ದಾರೆ. ಬರೆಯುವವರ ವೇಗ ತಗ್ಗಿಸುವುದಕ್ಕೆಂದೇ ಈ ಕ್ರಮ ಹುಟ್ಟಿತು ಎಂಬ ಜನಪ್ರಿಯ ಮಾತಿಗಂತೂ ಆಧಾರವಿಲ್ಲ.

1893ರಲ್ಲಿ ರೆಮಿಂಗ್ಟನ್ ಸೇರಿದಂತೆ ಅಮೆರಿಕದ ಪ್ರಮುಖ ತಯಾರಕರು ಯೂನಿಯನ್ ಟೈಪ್‌ರೈಟರ್ ಕಂಪನಿಯ ಅಡಿ ಒಂದಾದ ಮೇಲೆ ಕ್ವರ್ಟಿಗೆ ಎದುರಾಳಿಗಳೇ ಉಳಿಯಲಿಲ್ಲ. ಜರ್ಮನಿಯಲ್ಲಿ ವೈ ಮತ್ತು ಝಡ್ ಅದಲುಬದಲಾಗಿ ಕ್ವರ್ಟ್ಜ್ ಆಯಿತು. ಫ್ರಾನ್ಸಿನಲ್ಲಿ ಅಝರ್ಟಿ ನೆಲೆಯೂರಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಗಸ್ಟ್ ದ್ವೊರಾಕ್ ಮತ್ತು ಅವರ ಬಂಧು ವಿಲಿಯಂ ಡೀಲಿ 1936ರಲ್ಲಿ ಬೇರೊಂದು ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಸ್ವರಗಳನ್ನೆಲ್ಲ ಎಡಗೈಯ ನಡುಸಾಲಿಗೆ, ಹೆಚ್ಚು ಬಳಕೆಯ ವ್ಯಂಜನಗಳನ್ನು ಬಲಗೈಯ ನಡುಸಾಲಿಗೆ ತಂದು ಬೆರಳುಗಳ ಓಡಾಟ ತಗ್ಗಿಸುವುದು ಅವರ ಉದ್ದೇಶ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ನಡೆಸಿದ ಪ್ರಯೋಗ ಇದರ ಪರವಾಗಿ ಬಂದರೆ, 1956ರಲ್ಲಿ ಅರ್ಲ್ ಸ್ಟ್ರಾಂಗ್ ಸರ್ಕಾರಕ್ಕಾಗಿ ನಡೆಸಿದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಒಮ್ಮೆ ಬೇರೂರಿದ ಪದ್ಧತಿ, ಉತ್ತಮವಾದುದು ಬಂದರೂ ಜಾಗ ಬಿಟ್ಟುಕೊಡುವುದಿಲ್ಲ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1985ರಲ್ಲಿ ಕ್ವರ್ಟಿಯನ್ನೇ ಉದಾಹರಣೆಯಾಗಿ ಕೊಟ್ಟರು. 1990ರಲ್ಲಿ ಲೀಬೋವಿಟ್ಜ್ ಮತ್ತು ಮಾರ್ಗೊಲಿಸ್ ಅದನ್ನು ಪ್ರಶ್ನಿಸಿದರು. ವಾದ ಏನೇ ಇರಲಿ, ಕೋಟ್ಯಂತರ ಜನರ ಬೆರಳುಗಳಿಗೆ ರೂಢಿಯಾದದ್ದನ್ನು ಬದಲಿಸುವುದು ಎಷ್ಟು ದುಬಾರಿ ಎಂಬುದನ್ನು ಈ ಕಥೆ ತೋರಿಸುತ್ತದೆ.

ಅಚ್ಚಿನಿಂದ ಸಂಕೇತಕ್ಕೆ

ಅಕ್ಷರವನ್ನು ಲೋಹದಿಂದ ಬಿಡಿಸಿ ಸಂಕೇತವಾಗಿಸಿದ್ದು ಟೆಲಿಗ್ರಾಫ್. ಫ್ರಾನ್ಸಿನ ಎಮಿಲ್ ಬೊದೊ 1870ರ ದಶಕದಲ್ಲಿ ಪ್ರತಿ ಅಕ್ಷರಕ್ಕೂ ಐದು ಘಟಕಗಳ ಸಂಕೇತ ಕೊಟ್ಟರು. ಅವರ ಸಾಧನದಲ್ಲಿ ಇದ್ದದ್ದು ಐದೇ ಕೀಲಿ. ಅಕ್ಷರದ ಸಂಕೇತವನ್ನು ನೆನಪಿಟ್ಟು ಬೇಕಾದ ಕೀಲಿಗಳನ್ನು ಒಟ್ಟಿಗೆ ಒತ್ತಬೇಕಿತ್ತು. 1901ರ ಹೊತ್ತಿಗೆ ಡೊನಾಲ್ಡ್ ಮರೆ ಟೈಪ್‌ರೈಟರಿನ ಮಾದರಿಯ ಕೀಲಿಮಣೆಯಿಂದಲೇ ಕಾಗದದ ಪಟ್ಟಿಯ ಮೇಲೆ ಸಂಕೇತದ ತೂತುಗಳನ್ನು ಹೊಡೆಯುವ ಸಾಧನ ರೂಪಿಸಿದರು. ನೆನಪಿನ ಹೊರೆ ಮನುಷ್ಯನಿಂದ ಯಂತ್ರಕ್ಕೆ ದಾಟಿತು. ಮುಂದೆ ಟೆಲಿಪ್ರಿಂಟರುಗಳು ಈ ದಾರಿಯಲ್ಲೇ ಬೆಳೆದವು.

ಆರಂಭದ ಕಂಪ್ಯೂಟರುಗಳಿಗೆ ಕೀಲಿಮಣೆಯ ನೇರ ಸಂಪರ್ಕ ಇರುತ್ತಿದ್ದುದು ಕಡಿಮೆ. 80 ಕಂಬಸಾಲುಗಳ ಕಾರ್ಡುಗಳಿಗೆ ತೂತು ಹೊಡೆಯುವ ಐಬಿಎಂ 026, ಆಮೇಲೆ 1964ರ ಐಬಿಎಂ 029 ಯಂತ್ರಗಳ ಮುಂದೆ ಕೂತು ಪ್ರೋಗ್ರಾಮನ್ನು ಕಾರ್ಡಿಗೆ ಇಳಿಸಬೇಕು, ಆ ಕಟ್ಟನ್ನು ಕಂಪ್ಯೂಟರ್ ಕೋಣೆಗೆ ಕೊಡಬೇಕು, ಫಲಿತಾಂಶಕ್ಕೆ ಕಾಯಬೇಕು. ಒಂದು ಅಕ್ಷರ ತಪ್ಪಿದರೆ ಆ ಕಾರ್ಡನ್ನೇ ಮತ್ತೆ ಹೊಡೆಯಬೇಕಿತ್ತು. ಅಮೆರಿಕದ ಎಂಐಟಿಯಲ್ಲಿ 1956ರಲ್ಲಿ ವರ್ಲ್‌ವಿಂಡ್ ಕಂಪ್ಯೂಟರಿಗೆ ಕೀಲಿಮಣೆಯಿಂದ ನೇರವಾಗಿ ಆದೇಶ ಕೊಡುವ ಪ್ರಯೋಗಗಳು ನಡೆದವು. ಒತ್ತಿದ್ದಕ್ಕೆ ಯಂತ್ರ ಅಲ್ಲೇ ಪ್ರತಿಕ್ರಿಯೆ ಕೊಡುವ ಈ ಬಗೆಯೇ ಮುಂದೆ ವಾಡಿಕೆಯಾಯಿತು.

1961ರಲ್ಲಿ ಬಂದ ಐಬಿಎಂ ಸೆಲೆಕ್ಟ್ರಿಕ್ ಟೈಪ್‌ರೈಟರ್ ಇನ್ನೊಂದು ಹೆಜ್ಜೆ. ಅದರಲ್ಲಿ ಅಚ್ಚುಕಡ್ಡಿಗಳೇ ಇರಲಿಲ್ಲ. 88 ಅಕ್ಷರರೂಪಗಳನ್ನು ಕೆತ್ತಿದ ಒಂದು ಚೆಂಡು ವಾಲಿ, ತಿರುಗಿ ಬೇಕಾದ ಅಕ್ಷರವನ್ನು ಕಾಗದಕ್ಕೆ ಒತ್ತುತ್ತಿತ್ತು. ಚೆಂಡು ಬದಲಿಸಿದರೆ ಅದೇ ಕೀಲಿ ಬೇರೆ ಅಕ್ಷರಶೈಲಿಯಲ್ಲಿ ಬರೆಯುತ್ತಿತ್ತು. ಕಡ್ಡಿಗಳು ಸಿಕ್ಕಿಕೊಳ್ಳುವ ಮಾತೇ ಇಲ್ಲದ ಈ ಯಂತ್ರದಲ್ಲೂ ಕ್ವರ್ಟಿಯನ್ನು ಹಾಗೆಯೇ ಉಳಿಸಿಕೊಂಡರು. ಸೆಲೆಕ್ಟ್ರಿಕ್ ಯಂತ್ರಭಾಗವನ್ನೇ ಅಳವಡಿಸಿದ ಟರ್ಮಿನಲ್‌ಗಳು ಕಂಪ್ಯೂಟರಿಗೂ ಜೋಡಣೆಯಾದವು.

1963ರಲ್ಲಿ ಆಸ್ಕಿ ಸಂಕೇತ ಪದ್ಧತಿ ಪ್ರಕಟವಾಯಿತು. ಅದನ್ನು ಬಳಸಿದ ಟೆಲಿಟೈಪ್ ಮಾಡೆಲ್ 33 ಯಂತ್ರವೂ ಅದೇ ಕಾಲದ್ದು. ಅಗ್ಗವಾಗಿದ್ದುದರಿಂದ ಅದು ನೂರಾರು ಸಂಸ್ಥೆಗಳಲ್ಲಿ ಕಂಪ್ಯೂಟರಿನ ಬಾಯಿ-ಕಿವಿ ಎರಡೂ ಆಯಿತು. ಕಂಟ್ರೋಲ್, ಎಸ್ಕೇಪ್ ಕೀಲಿಗಳು ನಮಗೆ ಬಂದದ್ದು ಈ ಪರಂಪರೆಯಿಂದ. ಆಸ್ಕಿಯಲ್ಲಿ ದೊಡ್ಡ ಜಿ ಅಕ್ಷರದ ಸಂಖ್ಯೆ 71. ಕಂಟ್ರೋಲ್ ಜೊತೆ ಜಿ ಒತ್ತಿದರೆ ಅದರಿಂದ 64 ಕಳೆದು 7 ಎಂಬ ಸಂಖ್ಯೆ ಹೋಗುತ್ತಿತ್ತು. 7 ಎಂದರೆ ಆಚೆ ತುದಿಯ ಯಂತ್ರದಲ್ಲಿ ಗಂಟೆ ಬಾರಿಸು ಎಂದರ್ಥ. ರೇ ಟಾಮ್ಲಿನ್ಸನ್ 1971ರಲ್ಲಿ ಜಾಲದ ಮೂಲಕ ಇಮೇಲ್ ಕಳಿಸುವ ವ್ಯವಸ್ಥೆ ಮಾಡಿದಾಗ ಬಳಕೆದಾರರ ಹೆಸರನ್ನೂ ಕಂಪ್ಯೂಟರಿನ ಹೆಸರನ್ನೂ ಬೇರ್ಪಡಿಸಲು ಆರಿಸಿಕೊಂಡ ‘ಅಟ್’ ಚಿಹ್ನೆ ಇಂಥ ಟೆಲಿಟೈಪಿನ ಕೀಲಿಯ ಮೇಲೆಯೇ ಇತ್ತು.

ಪರದೆ ಮತ್ತು ಪರ್ಸನಲ್ ಕಂಪ್ಯೂಟರ್

1970ರ ದಶಕದಲ್ಲಿ ಕಾಗದದ ಜಾಗಕ್ಕೆ ಪರದೆ ಬಂತು. ಬರೆದ ಪಠ್ಯದೊಳಗೆ ಮೇಲೆ ಕೆಳಗೆ ಓಡಾಡುವುದು ಸಾಧ್ಯವಾದ ಮೇಲೆ ಬಾಣದ ಕೀಲಿಗಳಿಗೆ ಅರ್ಥ ಬಂತು. 1976ರ ಎಡಿಎಂ-3ಎ ಟರ್ಮಿನಲ್‌ನಲ್ಲಿ ಪ್ರತ್ಯೇಕ ಬಾಣಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣಗಳನ್ನು ಮುದ್ರಿಸಿದ್ದರು. ಆ ಟರ್ಮಿನಲ್‌ನಲ್ಲಿ ಕೆಲಸ ಮಾಡುತ್ತ ಬಿಲ್ ಜಾಯ್ ಬರೆದ ವಿಐ ಎಂಬ ಪಠ್ಯ ಸಂಪಾದಕದಲ್ಲಿ ಇಂದಿಗೂ ಅವೇ ಕೀಲಿಗಳು ಕರ್ಸರನ್ನು ನಡೆಸುತ್ತವೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ 1982ರ ಎಲ್‌ಕೆ201 ಕೀಲಿಮಣೆ, ಮೂರು ಬಾಣಗಳು ಕೆಳಗೆ ಒಂದು ಮೇಲೆ ಎಂಬ ಈಗಿನ ಜೋಡಣೆಯನ್ನು ಜನಪ್ರಿಯಗೊಳಿಸಿತು.

1981ರ ಆಗಸ್ಟ್ 12ರಂದು ಬಿಡುಗಡೆಯಾದ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ 83 ಕೀಲಿಗಳಿದ್ದವು. ಅದರೊಳಗೆ ಇಂಟೆಲ್ 8048 ಎಂಬ ಪುಟ್ಟ ನಿಯಂತ್ರಕ ಚಿಪ್ ಇತ್ತು. ಅಂದರೆ ಕೀಲಿಮಣೆಯೇ ಒಂದು ಸಣ್ಣ ಕಂಪ್ಯೂಟರ್. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಯಂತ್ರವನ್ನು ಮರುಚಾಲನೆ ಮಾಡುವ ಸಂಯೋಜನೆಯನ್ನು ಈ ತಂಡದ ಡೇವಿಡ್ ಬ್ರಾಡ್ಲಿ ರೂಪಿಸಿದರು. ಕೈತಪ್ಪಿ ಒತ್ತಿಹೋಗಬಾರದೆಂದೇ ದೂರದೂರದ ಕೀಲಿಗಳನ್ನು ಆರಿಸಿದ್ದರು. 1985ರಲ್ಲಿ ಕಾಣಿಸಿಕೊಂಡ 101 ಕೀಲಿಗಳ ಮಾಡೆಲ್ ಎಂ ಮುಂದಿನ ಎಲ್ಲ ಕೀಲಿಮಣೆಗಳಿಗೂ ಅಚ್ಚಾಯಿತು. ಎ ಅಕ್ಷರದ ಪಕ್ಕದಲ್ಲಿದ್ದ ಕಂಟ್ರೋಲ್ ಕೆಳಸಾಲಿನ ಮೂಲೆಗೆ ಹೋಗಿ, ಕ್ಯಾಪ್ಸ್ ಲಾಕ್ ಆ ಜಾಗಕ್ಕೆ ಬಂದದ್ದು ಈ ವಿನ್ಯಾಸದಲ್ಲಿ. 1990ರ ದಶಕದ ನಡುವೆ ಮೈಕ್ರೋಸಾಫ್ಟ್ ಎರಡು ವಿಂಡೋಸ್ ಕೀಲಿಗಳನ್ನೂ ಒಂದು ಮೆನು ಕೀಲಿಯನ್ನೂ ಸೇರಿಸಿದ್ದರಿಂದ ಸಂಖ್ಯೆ 104ಕ್ಕೆ ಏರಿತು. ಐದು ಪಿನ್ನುಗಳ ದುಂಡು ಪ್ಲಗ್ ಹೋಗಿ 1987ರಿಂದ ಪಿಎಸ್/2, 1996ರ ನಂತರ ಯುಎಸ್‌ಬಿ, ಆಮೇಲೆ ಬ್ಲೂಟೂತ್ ಬಂದವು.

ಕೀಲಿಯ ಕೆಳಗೆ ಏನಿದೆ

ಕಚೇರಿಗಳಲ್ಲಿ ಕಾಣುವ ಅಗ್ಗದ ಕೀಲಿಮಣೆಯೊಂದನ್ನು ಮಗುಚಿ ತಿರುಪುಗಳನ್ನು ಬಿಚ್ಚಿದರೆ ಒಳಗೆ ಸಿಗುವುದು ಇಷ್ಟೇ: ಪ್ರತಿ ಕೀಲಿಗೂ ಒಂದು ಟೊಪ್ಪಿಗೆಯಾಕಾರದ ಉಬ್ಬಿರುವ ರಬ್ಬರ್ ಹಾಳೆ, ಅದರಡಿ ತೆಳುವಾದ ಮೂರು ಪ್ಲಾಸ್ಟಿಕ್ ಹಾಳೆಗಳು, ಮೂಲೆಯಲ್ಲಿ ಹೆಬ್ಬೆರಳಗಲದ ಒಂದು ಸರ್ಕ್ಯೂಟ್ ಹಲಗೆ. ಮೇಲಿನ ಮತ್ತು ಕೆಳಗಿನ ಪ್ಲಾಸ್ಟಿಕ್ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಿನ ಹಾಳೆಯಲ್ಲಿ ಪ್ರತಿ ಕೀಲಿಯ ನೇರಕ್ಕೆ ಒಂದು ತೂತು. ಕೀಲಿ ಒತ್ತಿದಾಗ ರಬ್ಬರ್ ಉಬ್ಬು ಕುಸಿದು ಮೇಲಿನ ಹಾಳೆಯನ್ನು ತೂತಿನ ಮೂಲಕ ಕೆಳಗಿನದಕ್ಕೆ ತಾಗಿಸುತ್ತದೆ, ವಿದ್ಯುತ್ ದಾರಿ ಕೂಡುತ್ತದೆ. ಬೆರಳೆತ್ತಿದರೆ ರಬ್ಬರ್ ಪುಟಿದು ಕೀಲಿಯನ್ನು ಮೇಲಕ್ಕೆತ್ತುತ್ತದೆ. ಇದಕ್ಕೆ ಮೆಂಬ್ರೇನ್ ಕೀಲಿಮಣೆ ಎಂದು ಹೆಸರು. ಬೆಲೆ ಕಡಿಮೆ, ಸದ್ದು ಕಡಿಮೆ. ಆದರೆ ರಬ್ಬರ್ ಹಳತಾದಂತೆ ಒತ್ತು ಮೆತ್ತಗಾಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಇದೇ ತತ್ತ್ವಕ್ಕೆ ಕತ್ತರಿಯಂತೆ ಒಂದಕ್ಕೊಂದು ಅಡ್ಡಹಾಯುವ ಎರಡು ಪ್ಲಾಸ್ಟಿಕ್ ಚೌಕಟ್ಟುಗಳು ಸೇರುತ್ತವೆ. ಕೀಲಿಯ ಮೂಲೆಯಲ್ಲಿ ಒತ್ತಿದರೂ ಅದು ಓರೆಯಾಗದೆ ಸಮವಾಗಿ ಇಳಿಯುವುದು ಇದರಿಂದ. ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಪ್ರತಿ ಕೀಲಿಗೂ ಸ್ಪ್ರಿಂಗ್ ಮತ್ತು ಲೋಹದ ಸಂಪರ್ಕವಿರುವ ಪ್ರತ್ಯೇಕ ಸ್ವಿಚ್ಚು. ಅಮೆರಿಕ ಮೂಲದ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚು ಇವುಗಳಲ್ಲಿ ಹೆಸರಾದದ್ದು. ಅದರ ಕೀಲಿ ಸುಮಾರು 4 ಮಿಲಿಮೀಟರ್ ಇಳಿಯುತ್ತದೆ. ಅರ್ಧ ದಾರಿಯಲ್ಲೇ, 2 ಮಿಲಿಮೀಟರಿನ ಸುಮಾರಿಗೆ, ಒತ್ತು ದಾಖಲಾಗಿಬಿಡುತ್ತದೆ. ಸರಾಗವಾಗಿ ಇಳಿಯುವುದು, ನಡುವೆ ಬೆರಳಿಗೆ ಸಣ್ಣ ತಡೆ ಕೊಡುವುದು, ತಡೆಯ ಜೊತೆ ಟಿಕ್ ಎನ್ನುವುದು ಎಂದು ಸ್ವಿಚ್ಚುಗಳಲ್ಲಿ ಮೂರು ಬಗೆ. ಐಬಿಎಂ ಮಾಡೆಲ್ ಎಂ ಕೀಲಿಮಣೆಯಲ್ಲಿ ಒತ್ತಿದಾಗ ಪಕ್ಕಕ್ಕೆ ಬಾಗಿ ಮುರಿಯುವಂತೆ ಸದ್ದು ಮಾಡುವ ಸ್ಪ್ರಿಂಗ್ ಇತ್ತು. ಬೆರಳಿಗೆ ಸಿಗುವ ಸ್ಪಷ್ಟ ಸೂಚನೆಯಿಂದಾಗಿ ಅದಕ್ಕೆ ಇಂದಿಗೂ ಅಭಿಮಾನಿಗಳಿದ್ದಾರೆ. ತಾಗುವ ಭಾಗಗಳೇ ಇಲ್ಲದ, ಆಯಸ್ಕಾಂತ ಅಥವಾ ಬೆಳಕಿನ ಮೂಲಕ ಒತ್ತನ್ನು ಗುರುತಿಸುವ ಸ್ವಿಚ್ಚುಗಳೂ ಇವೆ.

ಒತ್ತು ಅಕ್ಷರವಾಗುವ ಬಗೆ

ನೂರು ಕೀಲಿಗಳಿಗೆ ನೂರು ತಂತಿ ಎಳೆಯುವುದು ಕಷ್ಟ, ದುಬಾರಿ. ಅದಕ್ಕೆ ಬದಲಾಗಿ ಕೀಲಿಗಳನ್ನು ಅಡ್ಡಸಾಲು-ಕಂಬಸಾಲುಗಳ ಜಾಲದಲ್ಲಿ ಜೋಡಿಸುತ್ತಾರೆ. 16 ಅಡ್ಡಸಾಲು, 8 ಕಂಬಸಾಲು ಇದ್ದರೆ 24 ತಂತಿಗಳಲ್ಲಿ 128 ಕೂಡುಬಿಂದುಗಳು ಸಿಗುತ್ತವೆ. ನಿಯಂತ್ರಕ ಚಿಪ್ ಒಂದೊಂದೇ ಸಾಲಿಗೆ ವಿದ್ಯುತ್ ಕೊಟ್ಟು, ಯಾವ ಕಂಬದಲ್ಲಿ ಅದು ಹೊರಬಂತು ಎಂದು ನೋಡುತ್ತ ಇಡೀ ಜಾಲವನ್ನು ಸೆಕೆಂಡಿಗೆ ನೂರಾರು ಸಲ ಸುತ್ತುತ್ತದೆ. ಲೋಹದ ಸಂಪರ್ಕ ಕೂಡುವಾಗ ಕೆಲವು ಮಿಲಿಸೆಕೆಂಡು ಅದುರುವುದುಂಟು. ಆ ಅದುರನ್ನು ಹಲವು ಒತ್ತುಗಳೆಂದು ಎಣಿಸದಂತೆ ಚಿಪ್ ಒಂದು ಗಳಿಗೆ ಕಾದು ಖಚಿತಪಡಿಸಿಕೊಳ್ಳುತ್ತದೆ. ಈ ಏರ್ಪಾಡು ಹಾಳಾದಾಗಲೇ ಒಮ್ಮೆ ಒತ್ತಿದ ಅಕ್ಷರ ಎರಡು ಸಲ ಮೂಡುವುದು. ಜಾಲದಲ್ಲಿ ಒಂದು ಚೌಕದ ಮೂರು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ತೋರುವ ದೋಷವಿದೆ. ಪ್ರತಿ ಕೀಲಿಗೂ ಒಂದು ಡಯೋಡ್ ಹಾಕಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿದರೆ ಅದು ನಿವಾರಣೆಯಾಗುತ್ತದೆ.

ಯಾವ ಕೀಲಿ ಎಂದು ತಿಳಿದ ಮೇಲೆ ಚಿಪ್ ಕಂಪ್ಯೂಟರಿಗೆ ಕಳಿಸುವುದು ಒಂದು ಸಂಖ್ಯೆಯನ್ನು. ಮೂಲ ಐಬಿಎಂ ಪಿಸಿಯಲ್ಲಿ ಕೀಲಿಗಳಿಗೆ ಸ್ಥಾನದ ಪ್ರಕಾರ ಸಂಖ್ಯೆ ಕೊಟ್ಟಿದ್ದರು: ಎಸ್ಕೇಪ್ 1, ಎ ಅಕ್ಷರದ ಕೀಲಿ 30. ಒತ್ತಿದಾಗ 30, ಬಿಟ್ಟಾಗ 128 ಕೂಡಿಸಿ 158. ಬಿಟ್ಟದ್ದೂ ಗೊತ್ತಾಗುವುದರಿಂದಲೇ ಶಿಫ್ಟ್ ಹಿಡಿದುಕೊಂಡಿದೆಯೇ ಇಲ್ಲವೇ ಎಂದು ಯಂತ್ರ ತಿಳಿಯಬಲ್ಲದು. ಯುಎಸ್‌ಬಿ ಪದ್ಧತಿಯಲ್ಲಿ ಎ ಕೀಲಿಯ ಸಂಖ್ಯೆ 4. ಸರಳ ರೂಪದಲ್ಲಿ ಯುಎಸ್‌ಬಿ ಕೀಲಿಮಣೆ ಪ್ರತಿ ಸಲ 8 ಬೈಟುಗಳ ವರದಿ ಕೊಡುತ್ತದೆ: ಮೊದಲ ಬೈಟಿನಲ್ಲಿ ಶಿಫ್ಟ್, ಕಂಟ್ರೋಲ್ ಮುಂತಾದ ಎಂಟು ಕೀಲಿಗಳ ಸ್ಥಿತಿ, ಎರಡನೆಯದು ಖಾಲಿ, ಉಳಿದ ಆರರಲ್ಲಿ ಆ ಹೊತ್ತಿಗೆ ಒತ್ತಿರುವ ಆರು ಕೀಲಿಗಳ ಸಂಖ್ಯೆಗಳು.

ಇಷ್ಟರವರೆಗೆ ಅಕ್ಷರದ ಮಾತೇ ಬಂದಿಲ್ಲ. ವಿಂಡೋಸ್, ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳು ಈ ಸಂಖ್ಯೆಯನ್ನು ಪಡೆದು, ಬಳಕೆದಾರರು ಆರಿಸಿಕೊಂಡ ವಿನ್ಯಾಸದ ಪಟ್ಟಿಯಲ್ಲಿ ಹುಡುಕಿ, ಅಲ್ಲಿ ಇರುವ ಅಕ್ಷರವನ್ನು ಪರದೆಗೆ ಕಳಿಸುತ್ತವೆ. ಪಟ್ಟಿ ಬದಲಿಸಿದರೆ ಅದೇ ಕೀಲಿ ಫ್ರೆಂಚ್ ಬರೆಯುತ್ತದೆ, ದ್ವೊರಾಕ್ ವಿನ್ಯಾಸವಾಗುತ್ತದೆ, ಕನ್ನಡವೂ ಆಗುತ್ತದೆ. ಮೊಬೈಲಿನಲ್ಲಿ ಕೀಲಿಗಳೇ ಮಾಯವಾಗಿ ಪರದೆಯ ಮೇಲಿನ ಚಿತ್ರಗಳಾಗಿವೆ. 2007ರ ಐಫೋನ್ ನಂತರ ಇದೇ ರೂಢಿಯಾಯಿತು. ಗೀರು, ತಡೆ, ಸದ್ದು ಯಾವುದೂ ಇಲ್ಲದ ಕಾರಣ ಬೆರಳು ತಪ್ಪುವುದು ಹೆಚ್ಚು. ಪದವನ್ನು ಊಹಿಸಿ ತಿದ್ದುವ ತಂತ್ರಾಂಶ ಆ ಕೊರತೆಯನ್ನು ತುಂಬುತ್ತದೆ.

ಕೈಯ ಆರೋಗ್ಯ

ದಿನಗಟ್ಟಲೆ ಟೈಪ್ ಮಾಡುವವರಿಗೆ ಮಣಿಕಟ್ಟು, ಮುಂಗೈ, ಭುಜಗಳಲ್ಲಿ ನೋವು ಬರುವುದುಂಟು. ಮಣಿಕಟ್ಟು ಮೇಲಕ್ಕೋ ಪಕ್ಕಕ್ಕೋ ಬಾಗಿದ ಸ್ಥಿತಿಯಲ್ಲಿ ಒಂದೇ ಚಲನೆ ಸಾವಿರಾರು ಸಲ ನಡೆಯುವುದು ಇದಕ್ಕೆ ಮುಖ್ಯ ಕಾರಣ. ಕೀಲಿಮಣೆಯನ್ನು ಎರಡು ಭಾಗ ಮಾಡಿ ಕೈಗಳು ಭುಜದ ನೇರಕ್ಕೆ ಬರುವಂತೆ ರೂಪಿಸಿದ ಮಾದರಿಗಳಿವೆ. 1994ರ ಮೈಕ್ರೋಸಾಫ್ಟ್ ನ್ಯಾಚುರಲ್ ಅಂಥದ್ದನ್ನು ಜನಸಾಮಾನ್ಯರಿಗೆ ಪರಿಚಯಿಸಿತು. ಸಾಧಾರಣ ಕೀಲಿಮಣೆಯಲ್ಲೂ ಮೊಣಕೈ ಮಟ್ಟಕ್ಕೆ ಮೇಜಿದ್ದು, ಹಿಂದಿನ ಕಾಲುಗಳನ್ನು ಮಡಚಿಟ್ಟು, ಮೆಲ್ಲಗೆ ಒತ್ತಿ, ಆಗಾಗ ಎದ್ದು ಕೈ ಬಿಡಿಸಿಕೊಂಡರೆ ಬಹಳಷ್ಟು ತೊಂದರೆ ತಪ್ಪುತ್ತದೆ.

ಕನ್ನಡ ಮತ್ತು ಕೀಲಿಮಣೆ

ಇಂಗ್ಲಿಷಿನ 26 ಅಕ್ಷರಗಳಿಗಾಗಿ ಹುಟ್ಟಿದ ಟೈಪ್‌ರೈಟರಿನಲ್ಲಿ ಕನ್ನಡವನ್ನು ಕೂರಿಸುವುದು ಸಣ್ಣ ಸಾಹಸವಲ್ಲ. ಗುಣಿತಾಕ್ಷರ, ಒತ್ತಕ್ಷರಗಳು ಸೇರಿದರೆ ಬರಹದ ರೂಪಗಳು ನೂರಾರು. ಯಂತ್ರದಲ್ಲಿ ಶಿಫ್ಟ್ ಸೇರಿಸಿದರೂ ಜಾಗ ಸುಮಾರು 90 ರೂಪಗಳಿಗೆ. ಅಕ್ಷರಗಳನ್ನು ತುಂಡುಗಳಾಗಿ ಒಡೆದು, ಒತ್ತಿದರೂ ಕಾಗದ ಮುಂದೆ ಸರಿಯದ ಕೆಲವು ಕೀಲಿಗಳನ್ನಿಟ್ಟು, ಒಂದರ ಮೇಲೊಂದು ಅಚ್ಚೊತ್ತಿ ಅಕ್ಷರ ಕಟ್ಟಬೇಕಿತ್ತು. ಕನ್ನಡ ಬೆರಳಚ್ಚು ಯಂತ್ರ ರೂಪಿಸಿದವರಾಗಿ ಅನಂತ ಸುಬ್ಬರಾವ್ ಹೆಸರಾಗಿದ್ದಾರೆ.

ಕಂಪ್ಯೂಟರಿನಲ್ಲಿ ಅಕ್ಷರವನ್ನು ಕಟ್ಟುವ ಕೆಲಸ ತಂತ್ರಾಂಶಕ್ಕೆ ಹೋದ್ದರಿಂದ ಕೀಲಿಮಣೆಗೆ ಮೂಲಾಕ್ಷರಗಳಷ್ಟೇ ಸಾಕಾದವು. ಮುದ್ರಣ ತಂತ್ರಜ್ಞ ಕೆ. ಪಿ. ರಾವ್ ಈ ಸೂಕ್ಷ್ಮವನ್ನು ಹಿಡಿದು ಸರಳ ವಿನ್ಯಾಸವೊಂದನ್ನು ಕೊಟ್ಟರು. ಇಂಗ್ಲಿಷಿನಲ್ಲಿ ಹತ್ತಿರದ ಉಚ್ಚಾರಣೆ ಇರುವ ಕೀಲಿಯಲ್ಲಿ ಕನ್ನಡದ ಅಕ್ಷರ, ಶಿಫ್ಟ್ ಸೇರಿದರೆ ಅದರ ಮಹಾಪ್ರಾಣ. ಒತ್ತಕ್ಷರಕ್ಕೆ ಎಫ್ ಕೀಲಿ ಕೊಂಡಿ. ಸಣ್ಣ ಮಾರ್ಪಾಡುಗಳೊಂದಿಗೆ ಕರ್ನಾಟಕ ಸರ್ಕಾರ ಒಪ್ಪಿದ್ದು ಈ ವಿನ್ಯಾಸವನ್ನೇ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಮೂಲಕ ಅದು ಕಚೇರಿಗಳನ್ನೂ ಪತ್ರಿಕಾಲಯಗಳನ್ನೂ ತಲುಪಿತು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಪ್ರಮಾಣವಾಗಿ ತಂದಿತು. 1991ರಲ್ಲಿ ಅದು ಭಾರತೀಯ ಮಾನಕದ ಭಾಗವಾಯಿತು. ಅದರಲ್ಲಿ ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಹಿಂದಿ, ತೆಲುಗು, ಮಲಯಾಳಗಳಲ್ಲೂ ಕಕಾರದ ಜಾಗ ಒಂದೇ, ಹಾಗಾಗಿ ಒಂದು ಭಾಷೆಯಲ್ಲಿ ಕಲಿತವರಿಗೆ ಇನ್ನೊಂದು ಸುಲಭ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ತಂತ್ರಾಂಶ ಮೂರನೆಯ ದಾರಿ ತೋರಿತು: ಕನ್ನಡ ಪದವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಒತ್ತಿದರೆ ಕನ್ನಡ ಮೂಡುತ್ತದೆ. ಹೊರದೇಶಗಳ ಕನ್ನಡಿಗರಿಗೆ ಇದು ತುಂಬ ನೆರವಾಯಿತು.

‘ಕನ್ನಡ’ ಎಂಬ ಪದವನ್ನೇ ಬರೆದು ನೋಡಬಹುದು. ಕೆ. ಪಿ. ರಾವ್ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಒತ್ತು. ಇನ್‌ಸ್ಕ್ರಿಪ್ಟಿನಲ್ಲಿ ಕೆ, ವಿ, ಡಿ, ವಿ ಮತ್ತು ಎಡ ಚೌಕಾವರಣ, ಇದೂ ಐದೇ. ಇಂಗ್ಲಿಷ್ ಕಾಗುಣಿತದ ಕ್ರಮದಲ್ಲಿ ಏಳು ಅಕ್ಷರ, ಡಕಾರಕ್ಕೆ ಶಿಫ್ಟ್ ಬೇರೆ. ದಾರಿ ಮೂರಾದರೂ ಯೂನಿಕೋಡ್ ಕಡತದಲ್ಲಿ ಉಳಿಯುವುದು ಒಂದೇ ಸರಣಿ: ಕ, ನ, ಅರ್ಧಾಕ್ಷರದ ಕೊಂಡಿ, ನ, ಡ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಅದರಲ್ಲಿ ಕಕಾರದ ಸಂಖ್ಯೆ 3221. ಅದಕ್ಕೆ ಮುಂಚಿನ ಪದ್ಧತಿಗಳಲ್ಲಿ ಬರಹವು ಫಾಂಟಿಗೆ ಅಂಟಿಕೊಂಡಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಯೂನಿಕೋಡ್ ಆ ಕೊನೆಯ ಕಟ್ಟನ್ನೂ ಬಿಡಿಸಿತು.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಮತ್ತು ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸ ಎರಡೂ ಬಂದವು. ಈಗಿನ ವಿಂಡೋಸ್‌ನಲ್ಲಿ ಉಚ್ಚಾರಣೆಯ ಕ್ರಮದ ವಿನ್ಯಾಸವೂ, ಲಿನಕ್ಸ್‌ನಲ್ಲಿ ಕಗಪ ಹೆಸರಿನ ವಿನ್ಯಾಸವೂ ಸಿದ್ಧವಾಗಿರುತ್ತವೆ. ಭಾಷೆಯ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡವನ್ನು ಸೇರಿಸಿಕೊಂಡರೆ ಸಾಕು. ಹೊಸ ಕೀಲಿಮಣೆ ಕೊಳ್ಳಬೇಕಾಗಿಲ್ಲ, ಕೀಲಿಗಳ ಮೇಲೆ ಕನ್ನಡ ಅಕ್ಷರ ಮುದ್ರಿಸಿರಬೇಕಾಗಿಯೂ ಇಲ್ಲ. ಹೊಸದಾಗಿ ಕಲಿಯುವವರು ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು, ಎಫ್ ಮತ್ತು ಜೆ ಮೇಲೆ ತೋರುಬೆರಳಿಟ್ಟು, ದಿನಕ್ಕೆ ಸ್ವಲ್ಪ ಹೊತ್ತು ನೋಡದೆ ಒತ್ತುವ ಅಭ್ಯಾಸ ಮಾಡಿದರೆ ಕೆಲವೇ ವಾರಗಳಲ್ಲಿ ಕೈ ಕೂಡುತ್ತದೆ. ಬೆರಳಚ್ಚು ಶಾಲೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಈ ಶಿಸ್ತನ್ನು ಕಲಿಸುವ ಜಾಗ ಕಡಿಮೆಯಾಗಿದೆ. ಶಾಲೆಯ ಕಂಪ್ಯೂಟರ್ ಪಾಠದಲ್ಲಿ ಕನ್ನಡ ಕೀಲಿಮಣೆಗೆ ನಾಲ್ಕು ತರಗತಿ ಮೀಸಲಿಟ್ಟರೂ ಮಕ್ಕಳು ಅರ್ಜಿ, ಕಥೆ, ವರದಿ, ಪ್ರಶ್ನೆ ಎಲ್ಲವನ್ನೂ ತಮ್ಮ ನುಡಿಯಲ್ಲೇ, ತಮ್ಮ ಲಿಪಿಯಲ್ಲೇ ಬರೆಯಬಲ್ಲವರಾಗುತ್ತಾರೆ.